ಸಾಸಿವೆ ಡಬ್ಬಿಯಲ್ಲಿ ಭೂಮಿ

ಮೊನ್ನೆ ನನ್ನ ಕಿರಿಯ ಮಗಳು, ಐದನೇ ಕ್ಲಾಸಿನವಳು, ಶಾಲೆಯಿಂದ ಬಂದವಳೇ ಚೀಲ ಎಸೆದು, "ಅಮ್ಮಾ, ಸೌರಮಂಡಲದ ಮಾಡೆಲ್ ಮಾಡ್ಕೊಂಡು ಹೋಗ್ಬೇಕು, ಥರ್ಮೊಕೋಲ್ ಉಂಡೆ ಕೊಡಿಸು" ಎಂದಳು. ಹಿಂದೆ ಅವಳ ಅಕ್ಕ ಮಾಡಿದ ಮಾಡೆಲ್ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನೇ ಇಳಿಸಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಭೂಮಿಯಿಂದ ಸೂರ್ಯನಿಗೆ ಒಂದೇ ಗೇಣಾ? ನಿಜವಾಗ್ಲೂ ಇಷ್ಟು ಹತ್ರನಾ?" ಅಂದಳು. ಅಷ್ಟು ಹತ್ತಿರ ಅಲ್ಲ ಅಂತ ನನಗೆ ಗೊತ್ತು. ಎಷ್ಟು ದೂರ ಅಂತ ಹೇಳಲು ಬರಲಿಲ್ಲ. "ನಿಂಗೆ ಗೊತ್ತಾಗಲ್ಲ ಬಿಡು, ಅಪ್ಪ ಬರ್ಲಿ" ಎಂದುಬಿಟ್ಟಳು.

ಮಾತು ಚುಚ್ಚಿತು ನೋಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಆದರೆ ಹಾಲಿನ ಲೆಕ್ಕ, ಚೀಟಿ ಲೆಕ್ಕ, ಹತ್ತು ಜನರ ಅಡುಗೆಯನ್ನು ಐವತ್ತು ಜನಕ್ಕೆ ಹೆಚ್ಚಿಸುವ ಲೆಕ್ಕ ಮಾಡುವವರು ನಾವೇ ತಾನೆ? ಇದೂ ಅಂಥದ್ದೇ. ಹೆಚ್ಚಿಸುವ ಬದಲು ಇಳಿಸಬೇಕು, ಅಷ್ಟೆ. ದೊಡ್ಡವಳ ವಿಜ್ಞಾನದ ಪುಸ್ತಕ ಎಳೆದುಕೊಂಡು ಕೂತೆ.

ಸೂರ್ಯನ ಅಡ್ಡಳತೆ ಸುಮಾರು 13 ಲಕ್ಷ 90 ಸಾವಿರ ಕಿಲೋಮೀಟರ್. ಭೂಮಿಯದು 12,700ರ ಆಸುಪಾಸು. ಇಬ್ಬರ ನಡುವಿನ ದೂರ ಸುಮಾರು 15 ಕೋಟಿ. 60,000 ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಂಡೆ. ಸೂರ್ಯ 23 ಸೆಂಟಿಮೀಟರ್ ಆದ; ಮನೆಯಲ್ಲಿದ್ದ ಸಿಹಿ ಕುಂಬಳಕಾಯಿ ಸರಿಹೋಯಿತು. ಭೂಮಿ ಬರೀ 2 ಮಿಲಿಮೀಟರ್, ಒಂದು ದಪ್ಪ ಸಾಸಿವೆ ಕಾಳು! ಮಿಕ್ಕವರೂ ಅಡುಗೆಮನೆಯಲ್ಲೇ ಸಿಕ್ಕರು. ನೀವೂ ಮಾಡಿ ನೋಡಬಹುದು.

ಬೇಕಾಗುವ ಸಾಮಾನು:
ಸೂರ್ಯ – ಗೇಣಗಲದ ಕುಂಬಳಕಾಯಿ
ಬುಧ – ಗಸಗಸೆ ಕಾಳು
ಶುಕ್ರ, ಭೂಮಿ – ದಪ್ಪ ಸಾಸಿವೆ, ತಲಾ ಒಂದು
ಮಂಗಳ – ರಾಗಿ ಕಾಳು
ಗುರು – ಸಣ್ಣ ನೆಲ್ಲಿಕಾಯಿ
ಶನಿ – ಗೋಟಡಿಕೆ; ಸುತ್ತ ನಾಲ್ಕೂವರೆ ಸೆಂಟಿಮೀಟರ್ ಅಗಲದ ಕಾಗದದ ಬಳೆ
ಯುರೇನಸ್, ನೆಪ್ಚೂನ್ – ಕಾಬೂಲಿ ಕಡಲೆ, ತಲಾ ಒಂದು

ಕಾಳುಗಳನ್ನು ಒಂದೊಂದು ರಟ್ಟಿಗೆ ಅಂಟಿಸಿ ಹೆಸರು ಬರೆಯಿರಿ, ಇಲ್ಲದಿದ್ದರೆ ಕಳೆದೇಹೋಗುತ್ತವೆ. 2006ರಿಂದ ಪ್ಲೂಟೊವನ್ನು ಗ್ರಹಗಳ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದು ಬೇಡ.

ಮಾಡುವ ವಿಧಾನ:
ಕುಂಬಳಕಾಯಿಯನ್ನು ಮನೆಯ ಕಟ್ಟೆಯ ಮೇಲಿಟ್ಟು ನೇರ ರಸ್ತೆಯಲ್ಲಿ ಹೊರಡಿ. ಸೀರೆ ಉಟ್ಟ ನಮ್ಮ ಒಂದು ಹೆಜ್ಜೆ ಅರ್ಧ ಮೀಟರ್ ಅಂದರೆ, 30 ಲಕ್ಷ ಕಿಲೋಮೀಟರ್! ಬುಧ 19ನೇ ಹೆಜ್ಜೆಗೆ, ಶುಕ್ರ 36ಕ್ಕೆ, ಭೂಮಿ 50ಕ್ಕೆ, ಮಂಗಳ 76ಕ್ಕೆ. ಗುರು 260ಕ್ಕೆ, ಶನಿ ಸುಮಾರು 480ಕ್ಕೆ, ಯುರೇನಸ್ 955ಕ್ಕೆ, ನೆಪ್ಚೂನ್ 1,500ಕ್ಕೆ. ಗ್ರಹಗಳು ಹೀಗೆ ಸಾಲಾಗಿ ನಿಂತಿರುವುದಿಲ್ಲ, ತಂತಮ್ಮ ದಾರಿಯಲ್ಲಿ ಸೂರ್ಯನನ್ನು ಸುತ್ತುತ್ತಿರುತ್ತವೆ ಎಂದು ಮಕ್ಕಳಿಗೆ ಹೇಳಲು ಮರೆಯಬೇಡಿ.

ಭಾನುವಾರ ಬೆಳಿಗ್ಗೆ ನಾವು ಹೊರಟೆವು. ಭೂಮಿಯ ಹತ್ತಿರ ನಿಂತು ತಿರುಗಿ ನೋಡಲು ಹೇಳಿದೆ. 25 ಮೀಟರ್ ದೂರದ ಆ ಕುಂಬಳಕಾಯಿ, ಆಕಾಶದಲ್ಲಿ ಸೂರ್ಯ ಎಷ್ಟು ದೊಡ್ಡದಾಗಿ ಕಾಣುತ್ತಾನೋ ಅಷ್ಟೇ ಕಾಣುತ್ತದೆ! ಲೆಕ್ಕ ಸರಿಯಿದೆ ಎನ್ನುವುದಕ್ಕೆ ಇದೇ ಸಾಕ್ಷಿ. (ನಿಜವಾದ ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಕೂಡದು.) ಸಾಸಿವೆಯಿಂದ ನಾಲ್ಕು ಬೆರಳಗಲ ದೂರದಲ್ಲಿ ಚಿರೋಟಿ ರವೆಯ ಒಂದು ಹರಳು ಇಟ್ಟೆ, ಅದೇ ಚಂದ್ರ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದದ್ದು ಅಲ್ಲಿ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ ನೌಕೆ ಇರುವುದು ಸಾಸಿವೆಯಿಂದ ಸೂರ್ಯನ ಕಡೆಗೆ ಒಂದು ಗೇಣು ದೂರದಲ್ಲಿ.

ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ, "ಎಲ್ಲಾರೂ ಬಂದ್ರು, ರಾಹು ಕೇತು ಎಲ್ಲಿ?" ಎಂದು ಕೂಗಿದರು. ಅವು ಕಾಳುಗಳಲ್ಲ ಅತ್ತೆ, ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗಗಳು, ಗ್ರಹಣ ಆಗುವುದು ಅವುಗಳ ಹತ್ತಿರವೇ ಎಂದೆ. "ಹಾಗೆ ಹೇಳು ಮತ್ತೆ" ಎಂದು ಒಪ್ಪಿಕೊಂಡರು.

ಮಂಗಳ ದಾಟಿದ ಮೇಲೆ ಮಗಳ ಮಾತು ನಿಂತಿತು. ನಡೆದಷ್ಟೂ ರಸ್ತೆ, ಗುರು ಬರಲೇ ಇಲ್ಲ. ಶನಿಯ ಹೊತ್ತಿಗೆ "ಕಾಲು ನೋವು" ಎಂದಳು. ನೆಪ್ಚೂನಿಗೆ ಬಸ್ ಸ್ಟ್ಯಾಂಡ್ ದಾಟಿ ಹೋಗಬೇಕಾಯಿತು. "ಅಮ್ಮಾ, ಮಧ್ಯದಲ್ಲೆಲ್ಲಾ ಬರೀ ಖಾಲಿನಾ?" ಹೆಚ್ಚುಕಡಿಮೆ ಖಾಲಿಯೇ. ಥರ್ಮೊಕೋಲ್ ಮಾಡೆಲ್ ಹೇಳದೆ ಬಿಟ್ಟದ್ದು ಇದನ್ನೇ. ಸೂರ್ಯನ ಬಳಿಕ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇಡಬೇಕೆಂದರೆ ನಿಂಬೆಹಣ್ಣೊಂದನ್ನು ಹಿಡಿದು 6,700 ಕಿಲೋಮೀಟರ್, ಅಂದರೆ ಹತ್ತಿರಹತ್ತಿರ ಜಪಾನಿಗೇ ಹೋಗಬೇಕು!

ವಾಪಸು ಬರುವಾಗ ಸಾಸಿವೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ನಾವೆಲ್ಲಾ ಇದರ ಮೇಲೇನಾ? ಅಜ್ಜಿ, ಶಾಲೆ, ಸಮುದ್ರ ಎಲ್ಲಾ?" ಹೌದು ಎಂದೆ. "ಬೇರೆ ಕಾಳಲ್ಲಿ ಯಾರೂ ಇಲ್ವಾ?" ಇದುವರೆಗೆ ಜೀವ ಕಂಡಿರುವುದು ಈ ಒಂದು ಕಾಳಿನಲ್ಲಿ ಮಾತ್ರ ಎಂದೆ. ಅಷ್ಟರಲ್ಲಿ ಒಂದು ಸ್ಕೂಟರ್ ಬಂತು. ಅವಳು ಗಾಬರಿಯಿಂದ ರಟ್ಟನ್ನು ಎತ್ತಿ ಎದೆಗೆ ಅವಚಿಕೊಂಡಳು.

ಸಂಜೆ ಅಪ್ಪ ಬಂದಾಗ, "ಸೂರ್ಯ ಎಷ್ಟು ದೂರ ಗೊತ್ತಾ ನಿಮ್ಗೆ? ಅಮ್ಮನ್ನ ಕೇಳಿ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಮರುದಿನ ಸೂರ್ಯನನ್ನು ಹೆಚ್ಚಿ ಹುಳಿ ಮಾಡಿದೆ. ಒಗ್ಗರಣೆಗೆ ಸಾಸಿವೆ ಹಾಕುವಾಗ ಮಾತ್ರ ಕೈ ಒಂದು ಕ್ಷಣ ತಡೆಯಿತು.