'ವಂಶ' ಎಂಬ ಪದ ಮತ್ತು ನಮ್ಮ ಠಾಣೆ

ಕಲ್ಲೂರಿನ ನಮ್ಮ ಕೇರಿಯ ಕಟ್ಟೆಯ ಮೇಲೆ ಮಾನವ ಹಕ್ಕುಗಳ ಬಗ್ಗೆ ಮಾತಾಡುತ್ತಿದ್ದೆ. ತಾತನೊಬ್ಬ ನಡುವೆ ಕೇಳಿದ: 'ಅದೇನೋ ವಿಶ್ವಸಂಸ್ಥೆ ಅಂತೀಯಲ್ಲ, ಅದು ನಮ್ಮ ಠಾಣ್ಯಾಗ ಬಂದು ಕೇಸ್ ಬರಸ್ತೈತೇನಪ?' ಆಗ ನಾನು ಸರಿಯಾಗಿ ಉತ್ತರಿಸಲಿಲ್ಲ. ಈ ಬರಹ ಆ ಉತ್ತರ.

ಜನಾಂಗ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1965ರಲ್ಲಿ. ಅದರ ಮೊದಲ ವಿಧಿಯಲ್ಲಿ ಜನಾಂಗ, ಬಣ್ಣಗಳ ಜೊತೆಗೆ 'ವಂಶ' ಎಂಬ ಪದವೂ ಇದೆ. ಆ ಪದ ಸೇರಿಸುವ ತಿದ್ದುಪಡಿ ತಂದದ್ದು ಬೇರೆ ಯಾರೂ ಅಲ್ಲ, ಭಾರತವೇ. 1968ರಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಿತು ಕೂಡ. ಅದರ ಪಾಲನೆ ನೋಡಲು 18 ತಜ್ಞರ ಸಮಿತಿಯಿದೆ. ಸರ್ಕಾರಗಳು ಅದಕ್ಕೆ ವರದಿ ಒಪ್ಪಿಸಬೇಕು. 1996ರಲ್ಲಿ ಸಮಿತಿ ಭಾರತದ ವರದಿ ನೋಡಿ, ಜಾತಿಯೂ 'ವಂಶ'ದೊಳಗೇ ಬರುತ್ತದೆ ಎಂದಿತು. ಸರ್ಕಾರ ಒಪ್ಪಲಿಲ್ಲ. ಜಾತಿ ಜನಾಂಗವಲ್ಲ ಎಂದು 2001ರ ಡರ್ಬನ್ ಸಮ್ಮೇಳನದಲ್ಲೂ ವಾದಿಸಿತು. 2002ರಲ್ಲಿ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಜಾತಿಯನ್ನು ಹೆಸರಿಸಿಯೇ ಬರೆಯಿತು.

ನಾವು ಜನಾಂಗವೋ ಅಲ್ಲವೋ ಎಂಬುದು ವಿದ್ವಾಂಸರಿಗಿರಲಿ. ಚಾ ಹೋಟೆಲಿನಲ್ಲಿ ನಮಗೆ ಲೋಟ ಬೇರೆ ಇಡುವವನು ಬಣ್ಣ ನೋಡುವುದಿಲ್ಲ, ಯಾರ ಮಗ ಅಂತ ಕೇಳ್ತಾನೆ. ವಂಶ ಅಂದರೆ ಇದೇ ಅಲ್ಲವೆ?

ಆದರೆ ಸಮಿತಿಗೆ ಪೊಲೀಸರಿಲ್ಲ, ಜೈಲಿಲ್ಲ. ನೊಂದವರು ನೇರವಾಗಿ ದೂರು ಕೊಡಲು 14ನೇ ವಿಧಿಯಲ್ಲಿ ದಾರಿಯಿದೆ. ಅದಕ್ಕೆ ದೇಶ ಒಪ್ಪಿಗೆ ಘೋಷಿಸಿರಬೇಕು. ಭಾರತ ಘೋಷಿಸಿಲ್ಲ. ಹೀಗಾಗಿ ಜಾರಿಯೆಂಬುದು 1989ರ ದೌರ್ಜನ್ಯ ತಡೆ ಕಾಯ್ದೆ, ಠಾಣೆ, ಕೋರ್ಟುಗಳಿಗೇ ಬಂದು ನಿಲ್ಲುತ್ತದೆ.

ಅಲ್ಲಿ ಆಗುವುದೇನು? 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರು ತಿಂಗಳೇ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಕಾನೂನು ಒಂದೇ. ಸಾಕ್ಷಿ ಹೇಳಿದವರು ಊರಲ್ಲಿ ಉಳಿಯಬಲ್ಲರೆ ಎಂಬುದರ ಮೇಲೆ ಅದರ ಬಲ ನಿಂತಿದೆ.

ಹಾಗಾದರೆ ಜಿನೀವಾ ನಮಗ್ಯಾಕೆ? 2007ರಲ್ಲಿ ಸಮಿತಿ ಭಾರತವನ್ನು ಮತ್ತೆ ವಿಚಾರಿಸಿದಾಗ, ಸರ್ಕಾರದ ವರದಿಯ ಎದುರಿಗೆ ದಲಿತ ಸಂಘಟನೆಗಳು ತಮ್ಮ ಪರ್ಯಾಯ ವರದಿ ಇಟ್ಟವು. ಅಂಥ ವರದಿ ಹುಟ್ಟುವುದು ಠಾಣೆಯಲ್ಲಿ ಕೇಳಿ ಪಡೆದ ಎಫ್‌ಐಆರ್ ಪ್ರತಿಯಿಂದ, ಬರೆದಿಟ್ಟ ತಾರೀಖಿನಿಂದ.

ತಾತ, ಅವರು ಬಂದು ಕೇಸ್ ಬರಸಂಗಿಲ್ಲ. ನಾವೇ ಬರಸಬೇಕು. ಬರಕೊಳ್ಳದಿದ್ದರೆ, ಬರಕೊಳ್ಳಲಿಲ್ಲ ಅಂತ ಅವರಿಗೆ ಬರೀಬೇಕು.