ಪೆನ್ ಡ್ರೈವಿಗೆ ಹುಳ ಬಿದ್ದಾಗ

ತಿಂಗಳುಗಟ್ಟಲೆ ಕೂತು ಬರೆದ ಪ್ರಾಜೆಕ್ಟ್ ವರದಿ. ನಾಳೆ ಬೆಳಿಗ್ಗೆ ಕಾಲೇಜಿಗೆ ಒಪ್ಪಿಸಬೇಕು. ತಿಪಟೂರಿನದೋ ತುರುವೇಕೆರೆಯದೋ ಚಿಕ್ಕನಾಯಕನಹಳ್ಳಿಯದೋ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸುವುದಷ್ಟೇ ಬಾಕಿ. ಆದರೆ ಪೆನ್ ಡ್ರೈವ್ ಹಾಕಿ ನೋಡಿದರೆ ವರದಿಯ ಫೋಲ್ಡರ್ ಕಾಣುವುದಿಲ್ಲ. ಅದರ ಜಾಗದಲ್ಲಿ, ಮೂಲೆಯಲ್ಲೊಂದು ಪುಟ್ಟ ಬಾಣದ ಗುರುತಿರುವ ಚಿತ್ರ ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ವಿದ್ಯಾರ್ಥಿಗೆ ಕೈಕಾಲು ಆಡುವುದಿಲ್ಲ. ಪಕ್ಕದಲ್ಲಿದ್ದವರು ಯಾರೋ ‘ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಬಿಡು’ ಎನ್ನುತ್ತಾರೆ. ಆ ಮಾತು ಕೇಳಿದರೆ ಕೆಲಸ ಕೆಟ್ಟಂತೆಯೇ. ಬಹಳಷ್ಟು ಸಂದರ್ಭಗಳಲ್ಲಿ ವರದಿ ಎಲ್ಲೂ ಹೋಗಿರುವುದಿಲ್ಲ; ಅದೇ ಪೆನ್ ಡ್ರೈವಿನಲ್ಲಿ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಹುಳ ಬಚ್ಚಿಟ್ಟದ್ದನ್ನು ಅವಸರದ ಫಾರ್ಮ್ಯಾಟ್ ಅಳಿಸಿಬಿಡುತ್ತದೆ.

ವೈರಸ್ ಬೇರೆ, ವರ್ಮ್ ಬೇರೆ

ನಾವು ಎಲ್ಲಕ್ಕೂ ‘ವೈರಸ್’ ಎಂದುಬಿಡುತ್ತೇವೆ. ಆದರೆ ವೈರಸ್ ಇನ್ನೊಂದು ಕಡತಕ್ಕೋ ತಂತ್ರಾಂಶಕ್ಕೋ ಅಂಟಿಕೊಂಡು ಬದುಕುವಂಥದು. ‘ವರ್ಮ್’, ಅಂದರೆ ಹುಳ, ತಾನೇ ಒಂದು ಪೂರ್ಣ ತಂತ್ರಾಂಶ. ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟಲು ಕೆಲವಕ್ಕೆ ಇಂಟರ್‌ನೆಟ್ ಬೇಕು, ಕೆಲವಕ್ಕೆ ಪೆನ್ ಡ್ರೈವ್ ಸಾಕು.

ಕೈಯಿಂದ ಕೈಗೆ ದಾಟುವ ಈ ಪಿಡುಗು ಪೆನ್ ಡ್ರೈವಿಗಿಂತ ಹಳೆಯದು. 1982ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಎಂಬ ಶಾಲಾ ಹುಡುಗ ಗೆಳೆಯರನ್ನು ಕೆಣಕಲೆಂದು ಬರೆದ ‘ಎಲ್ಕ್ ಕ್ಲೋನರ್’ ಎಂಬ ವೈರಸ್ ಆಪಲ್ ಕಂಪ್ಯೂಟರ್‌ಗಳ ಫ್ಲಾಪಿಗಳ ಮೂಲಕ ಹರಡಿತ್ತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರ ‘ಬ್ರೇನ್’ ಕೂಡ ಫ್ಲಾಪಿಯನ್ನೇ ಏರಿ ಹೊರಟಿತು. ಫ್ಲಾಪಿ ಹೋಗಿ ಪೆನ್ ಡ್ರೈವ್ ಬಂದಾಗ ವಾಹನ ಬದಲಾಯಿತೇ ಹೊರತು ಪ್ರಯಾಣ ನಿಲ್ಲಲಿಲ್ಲ.

2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹೊಕ್ಕಿತು. ಅದರ ನಂತರದ ರೂಪಗಳು ಪೆನ್ ಡ್ರೈವ್ ಮೂಲಕವೂ ಹರಡಿದವು. ಆಗಿನ ವಿಂಡೋಸ್‌ನಲ್ಲಿ ‘ಆಟೋರನ್’ ಎಂಬ ಸೌಲಭ್ಯವಿತ್ತು. ಡ್ರೈವಿನಲ್ಲಿ ಬರೆದಿಟ್ಟ ಸೂಚನೆಯಂತೆ ತಂತ್ರಾಂಶವನ್ನು ಓಡಿಸುವ ಆ ಏರ್ಪಾಡೇ ಹುಳಕ್ಕೆ ಬಾಗಿಲಾಯಿತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್ ಡ್ರೈವಿನ ಮಟ್ಟಿಗೆ ಆ ಬಾಗಿಲು ಮುಚ್ಚಿತು. 2011ರಲ್ಲಿ ಹಳೆಯ ಆವೃತ್ತಿಗಳಿಗೂ ತಿದ್ದುಪಡಿ ಕಳಿಸಿತು.

2010ರಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಇನ್ನೂ ಚಾಲಾಕಿ. ಇರಾನಿನ ನತಾಂಜ್ ಪರಮಾಣು ಘಟಕದ ಯಂತ್ರಗಳನ್ನು ಗುರಿಯಾಗಿಸಿದ್ದ ಈ ಹುಳ, ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಕಡೆಗೂ ಪೆನ್ ಡ್ರೈವಿನಲ್ಲಿ ಕೂತು ಹೋಗಬಲ್ಲದಾಗಿತ್ತು. ಡ್ರೈವನ್ನು ತೆರೆದು ಒಳಗಿನ ಚಿತ್ರಗಳನ್ನು ನೋಡಿದರೇ ಸಾಕಿತ್ತು, ಸೋಂಕು ತಗಲುತ್ತಿತ್ತು. ಅತಿ ಹೆಚ್ಚು ಸೋಂಕು ಕಂಡ ದೇಶಗಳ ಸಾಲಿನಲ್ಲಿ ಇರಾನ್, ಇಂಡೊನೇಷ್ಯಾಗಳ ನಂತರ ಭಾರತವಿತ್ತು. ‘ನಮ್ಮ ಕಂಪ್ಯೂಟರಿಗೆ ನೆಟ್ಟೇ ಇಲ್ಲ, ವೈರಸ್ ಎಲ್ಲಿಂದ ಬರಬೇಕು?’ ಎನ್ನುವವರಿಗೆ ಇದೇ ಉತ್ತರ.

ಬಾಣದ ಗುರುತಿನ ಮೋಸ

ಜೆರಾಕ್ಸ್ ಅಂಗಡಿಗಳಲ್ಲಿ ಎದುರಾಗುವ ಹುಳಕ್ಕೆ ಆಡುಮಾತಿನಲ್ಲಿ ‘ಶಾರ್ಟ್‌ಕಟ್ ವೈರಸ್’ ಎಂಬ ಹೆಸರಿದೆ. ಅದು ಪೆನ್ ಡ್ರೈವಿನಲ್ಲಿರುವ ಅಸಲಿ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದಿಡುತ್ತದೆ. ಅದನ್ನು ಒತ್ತಿದರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಿನ್ನೆಲೆಯಲ್ಲಿ ಹುಳ ಕಂಪ್ಯೂಟರಿಗೆ ಇಳಿಯುತ್ತದೆ. ಮುನ್ನೆಲೆಯಲ್ಲಿ ಅಸಲಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಬೇಕಾದ ಕಡತ ಸಿಕ್ಕಿತಲ್ಲ ಎಂದು ಬಳಸುವವರು ಸುಮ್ಮನಾಗುತ್ತಾರೆ. ಆಮೇಲೆ ಆ ಕಂಪ್ಯೂಟರಿಗೆ ಹಾಕಿದ ಪೆನ್ ಡ್ರೈವಿಗೆಲ್ಲ ಅದೇ ಗತಿ.

ಪೋಷಕರು ಗಮನಿಸಬೇಕಾದ್ದು ಇನ್ನೊಂದಿದೆ. ಹುಳದ ಕೆಲಸ ಫೋಲ್ಡರ್ ಮರೆಮಾಡುವುದಕ್ಕೇ ಮುಗಿಯುವುದಿಲ್ಲ. ಇಂಥ ಎಷ್ಟೋ ಹುಳಗಳು ಕಂಪ್ಯೂಟರನ್ನು ದೂರದಲ್ಲಿ ಕೂತವರ ವಶಕ್ಕೆ ಒಪ್ಪಿಸುತ್ತವೆ, ಪಾಸ್‌ವರ್ಡ್ ಕದಿಯುತ್ತವೆ. ಮಗ ವರದಿ ಬರೆಯುವ ಕಂಪ್ಯೂಟರಿನಲ್ಲೇ ಅಪ್ಪ ಬ್ಯಾಂಕ್ ಖಾತೆ ನೋಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಸುಳಿಯೂ ತಿಪ್ಪೆಯೂ

ತೆಂಗು ಬೆಳೆಯುವ ಸೀಮೆಯವರಿಗೆ ಈ ಹುಳದ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಸುಳಿ ಕೊರೆಯುವ ದುಂಬಿಯನ್ನು ಕಬ್ಬಿಣದ ಕೊಕ್ಕೆ ಹಾಕಿ ಮರದಿಂದ ಎಳೆದು ತೆಗೆಯುತ್ತಾರೆ. ಆದರೆ ಅದರ ಮರಿಹುಳ ಬೆಳೆಯುವುದು ಮರದಲ್ಲಲ್ಲ, ಗೊಬ್ಬರದ ಗುಂಡಿಯಲ್ಲಿ. ತಿಪ್ಪೆಯನ್ನು ಹಾಗೇ ಬಿಟ್ಟು ಸುಳಿಯನ್ನಷ್ಟೇ ಶುಚಿ ಮಾಡಿದರೆ ಮತ್ತೆ ದುಂಬಿ ಹಾರಿ ಬರುತ್ತದೆ.

ಪೆನ್ ಡ್ರೈವ್ ಸುಳಿಯಿದ್ದಂತೆ, ಸೋಂಕಿರುವ ಕಂಪ್ಯೂಟರ್ ತಿಪ್ಪೆಯಿದ್ದಂತೆ. ಡ್ರೈವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದೇ ಕಂಪ್ಯೂಟರಿಗೆ ಹಾಕಿದ ಕ್ಷಣ ಹುಳ ಮರಳುತ್ತದೆ. ಆದ್ದರಿಂದ ಮೊದಲು ಕಂಪ್ಯೂಟರ್, ಆಮೇಲೆ ಪೆನ್ ಡ್ರೈವ್.

ತೆಗೆಯುವ ಬಗೆ

ಮೊದಲನೆಯದು, ಬಾಣದ ಗುರುತಿನ ಶಾರ್ಟ್‌ಕಟ್ಟನ್ನು ಒತ್ತಬೇಡಿ. ಪೆನ್ ಡ್ರೈವ್ ಹೊರಗೆ ತೆಗೆದು, ಕಂಪ್ಯೂಟರಿನ ಇಂಟರ್‌ನೆಟ್ ಸಂಪರ್ಕ ಕಡಿಯಿರಿ.

ಎರಡನೆಯದು, ಕಂಪ್ಯೂಟರಿನ ಶುದ್ಧಿ. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಮೊದಲೇ ಇರುತ್ತದೆ. ಅದನ್ನು ಅಪ್‌ಡೇಟ್ ಮಾಡಲು ಬೇಕಾದಷ್ಟು ಹೊತ್ತು ಮಾತ್ರ ನೆಟ್ ಜೋಡಿಸಿ, ‘ಫುಲ್ ಸ್ಕ್ಯಾನ್’ ನಡೆಸಿ. ಹುಳ ಮತ್ತೆ ಮತ್ತೆ ತಲೆಯೆತ್ತಿದರೆ ಅಲ್ಲೇ ಇರುವ ‘ಆಫ್‌ಲೈನ್ ಸ್ಕ್ಯಾನ್’ ಆಯ್ದುಕೊಳ್ಳಿ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಹುಳಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಭಾರತ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ ಹುಳ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುವ ಉದ್ದೇಶದ್ದೇ.

ಮೂರನೆಯದು, ಪೆನ್ ಡ್ರೈವಿನ ತಪಾಸಣೆ. ಶುದ್ಧವಾದ ಕಂಪ್ಯೂಟರಿಗೆ ಹಾಕಿ, ತೆರೆಯದೆ, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಿ.

ನಾಲ್ಕನೆಯದು, ಅಡಗಿದ ಕಡತಗಳ ಪತ್ತೆ. ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆ ಹಾಕಿ. ಸಿಸ್ಟಮ್ ಕಡತಗಳನ್ನು ಮರೆಮಾಡುವ ಗುರುತನ್ನೂ, ಕಡತದ ಹೆಸರಿನ ಬಾಲವನ್ನು ಮರೆಮಾಡುವ ಗುರುತನ್ನೂ ತೆಗೆಯಿರಿ. ಆಗ ಅಸಲಿ ಫೋಲ್ಡರ್ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಎಲ್ಲವೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿನೊಳಗೆ ಇರುತ್ತದೆ. ಅದರಿಂದ ವರ್ಡ್, ಪಿಡಿಎಫ್, ಚಿತ್ರ ಇವನ್ನು ಮಾತ್ರ ಆಯ್ದು ಕಂಪ್ಯೂಟರಿಗೆ ನಕಲು ಮಾಡಿ. ‘ಡಾಟ್ ಇಎಕ್ಸ್‌ಇ’, ‘ಡಾಟ್ ವಿಬಿಎಸ್’, ‘ಡಾಟ್ ಎಲ್‌ಎನ್‌ಕೆ’ ಎಂದು ಮುಗಿಯುವ ಯಾವುದನ್ನೂ ತರಬೇಡಿ.

ಐದನೆಯದು, ನಕಲು ಮಾಡಿದ ಕಡತಗಳು ಸರಿಯಾಗಿ ತೆರೆಯುತ್ತವೆಯೇ ಎಂದು ಒಂದೊಂದನ್ನೂ ನೋಡಿ. ಇದಾದ ಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಬಹುದು. ಫಾರ್ಮ್ಯಾಟ್ ಕೊನೆಯ ಮೆಟ್ಟಿಲು. ಕಡತಗಳ ಹೆಸರೇ ವಿಚಿತ್ರವಾಗಿ ಬದಲಾಗಿ, ಹಣ ಕೇಳುವ ಸಂದೇಶ ಬಂದಿದ್ದರೆ ಅದು ಬೇರೆಯೇ ರೋಗ. ಆಗ ಏನನ್ನೂ ಅಳಿಸದೆ ಬಲ್ಲವರಿಗೆ ತೋರಿಸುವುದು ಒಳ್ಳೆಯದು. ಕೊನೆಗೆ, ಸೋಂಕಿದ್ದ ಕಂಪ್ಯೂಟರಿನಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಮತ್ತೆ ಬಾರದಿರಲು

ಪ್ರಿಂಟ್ ತೆಗೆಸಲು ಹೋಗುವಾಗ ವರದಿಯ ಪಿಡಿಎಫ್ ಒಂದನ್ನೇ ಇಟ್ಟ ಬೇರೆ ಪೆನ್ ಡ್ರೈವ್ ಒಯ್ಯಿರಿ, ಇಲ್ಲವೇ ಇ-ಮೇಲ್‌ನಲ್ಲಿ ಕಳಿಸಿ. ಪಿಡಿಎಫ್ ಮಾಡಿದರೆ ಇನ್ನೊಂದು ಲಾಭ: ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಹೊರಗೆ ಹೋಗಿ ಬಂದ ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ದಾರಿಯಲ್ಲಿ ಸಿಕ್ಕ ಡ್ರೈವನ್ನು ಕುತೂಹಲಕ್ಕೂ ಹಾಕಬೇಡಿ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿದೆ; ಇನ್ನೂ ಅವನ್ನೇ ನಡೆಸುತ್ತಿರುವ ಕಂಪ್ಯೂಟರಿನಲ್ಲಿ ಹೆಚ್ಚು ಎಚ್ಚರ ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ವರದಿಯ ಪ್ರತಿ ಎರಡು ಕಡೆ ಇರಲಿ. ಒಂದು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ನಿಮ್ಮದೇ ಇ-ಮೇಲ್‌ನಲ್ಲಿ. ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳು ಕಾಲೇಜಿನ ಲ್ಯಾಬಿನಿಂದಲೇ ದಿನದ ಕೆಲಸ ಮುಗಿದೊಡನೆ ತಮಗೆ ತಾವೇ ಒಂದು ಇ-ಮೇಲ್ ಕಳಿಸಿಕೊಂಡರೆ ಸಾಕು. ಎರಡು ನಿಮಿಷದ ಈ ಅಭ್ಯಾಸವಿದ್ದರೆ ಪೆನ್ ಡ್ರೈವ್ ಕೆಟ್ಟರೂ ವರದಿ ಉಳಿಯುತ್ತದೆ.