ತುಟಿ ಒಂದು ಕಡೆ, ದನಿ ಒಂದು ಕಡೆ

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಭಾಗದ ಅನೇಕ ಮನೆಗಳಲ್ಲಿ ಈಚೆಗೆ ಒಂದು ಸ್ತುತ್ಯವಾದ ಕೆಲಸ ನಡೆಯುತ್ತಲಿದೆ. ಹಳೆಯ ಲಗ್ನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಆಯಿ ಹಾಡುವ ಬೀಸುವ ಪದ, ಸೋಬಾನ ಪದ, ಊರ ಗುಡಿಯ ಭಜನೆ ಇವುಗಳನ್ನು ಮೊಬೈಲಿನಲ್ಲಿ ಹಿಡಿದು ಪುಣೆ, ಮುಂಬಯಿಗಳಲ್ಲಿರುವ ಮೊಮ್ಮಕ್ಕಳಿಗೆ ಕಳುಹಿಸುತ್ತಿದ್ದಾರೆ. ಆದರೆ ಹೀಗೆ ಕಳುಹಿಸಲು ವಿಡಿಯೋ ಫೈಲನ್ನು ಒಂದು ರೂಪದಿಂದ ಮತ್ತೊಂದಕ್ಕೆ ಮಾರ್ಪಡಿಸಿದಾಗ ತುಟಿ ಒಮ್ಮೆ ಆಡುತ್ತದೆ, ಮಾತು ಇನ್ನೊಮ್ಮೆ ಕೇಳುತ್ತದೆ ಎಂದು ಪಾಲಕರು ನಮ್ಮಲ್ಲಿ ಹೇಳುವುದುಂಟು. ಕನ್ನಡದ ಶಿಕ್ಷಕರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ.

ದನಿ ಮತ್ತು ಬೆಳಕು ಜೊತೆಯಾಗಿ ನಡೆಯುವುದಿಲ್ಲವೆಂಬುದನ್ನು ನಮ್ಮೂರಿನ ಮಕ್ಕಳೆಲ್ಲರೂ ಕಣ್ಣಾರೆ ಕಂಡಿದ್ದಾರೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಹೋಂ ಮೈದಾನದಲ್ಲಿ ಮದ್ದು ಹಾರಿಸುವಾಗ ಮೊದಲು ಬೆಳಕು, ಆಮೇಲೆ ಸದ್ದು. ದನಿಯು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ನಡೆಯುತ್ತದೆ. ನಿಸರ್ಗದಲ್ಲಿ ದನಿ ಹಿಂದುಳಿಯುವುದು ನಮಗೆ ರೂಢಿ. ಅದು ಮುಂದಾಗುವುದು ಎಂದೂ ಇಲ್ಲ. ಆದುದರಿಂದಲೇ ಪರದೆಯ ಮೇಲೆ ದನಿ ಸ್ವಲ್ಪ ತಡವಾದರೆ ನಾವು ಸಹಿಸುತ್ತೇವೆ, ಮುಂಚೆ ಬಂದರೆ ಥಟ್ಟನೆ ಗುರುತಿಸುತ್ತೇವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಕೊಟ್ಟ ಲೆಕ್ಕದಂತೆ, ದನಿ 45 ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ತಿಳಿಯುತ್ತದೆ. ಹಿಂದಾದರೆ 125 ಆಗುವವರೆಗೂ ತಿಳಿಯುವುದಿಲ್ಲ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು.

ಇನ್ನು, ಕೇಳುವುದು ಕಿವಿಯ ಕೆಲಸವಷ್ಟೇ ಅಲ್ಲ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ತೆರೆಯ ಮೇಲಿನ ತುಟಿ ‘ಗ’ ಎನ್ನುತ್ತದೆ, ಕಿವಿಗೆ ‘ಬ’ ಎಂಬ ದನಿ ಬೀಳುತ್ತದೆ. ಕುಳಿತವರಲ್ಲಿ ಬಹಳ ಜನರಿಗೆ ಕೇಳಿದ್ದು ‘ಡ’! ಮನೆಯ ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಆಯಿಯ ಕನ್ನಡವೆಂದರೆ ಮೊಬೈಲಿನಲ್ಲಿ ಕಾಣುವ ಹಾಡಷ್ಟೇ ಎಂಬ ಸ್ಥಿತಿಯಲ್ಲಿ ಬೆಳೆಯುವ ಕೂಸು ಆ ತುಟಿಯನ್ನು ನೋಡಿಯೇ ಶಬ್ದ ಕಲಿಯಬೇಕು. ತುಟಿ ತಪ್ಪಿದರೆ ಕಲಿಕೆಗೂ ತೊಡಕು.

ವಿಡಿಯೋ ಫೈಲೆಂದರೆ ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳಿದ್ದಂತೆ. ಒಂದು ಚಿತ್ರಗಳ ಸಾಲು. ನಮ್ಮ ದೇಶದ ಹಳೆಯ ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 25 ಚಿತ್ರ, ಚಲನಚಿತ್ರದಲ್ಲಿ 24, ಅಮೇರಿಕದ ಟಿ.ವಿ. ಪದ್ಧತಿಯಲ್ಲಿ 29.97. ಇನ್ನೊಂದು ದನಿಯ ಸಾಲು. ಎತ್ತುಗಳ ತಕರಾರು ಎರಡು ಬಗೆ: ಒಂದು ತಡವಾಗಿ ಹೊರಟಿದೆ, ಇಲ್ಲವೆ ಒಂದು ನಿಧಾನ ನಡೆಯುತ್ತಲಿದೆ. ಯಾವುದೆಂದು ತಿಳಿಯದೆ ಮದ್ದು ಮಾಡಬಾರದು.

ಇಲ್ಲಿಯೇ ವ್ಯಾಕರಣ ನೆರವಿಗೆ ಬರುತ್ತದೆ. ಮಕ್ಕಳೇ, ಪ ಫ ಬ ಭ ಮ ಇವು ಓಷ್ಠ್ಯಗಳೆಂದು ಕಲಿತಿದ್ದೀರಿ. ಇವನ್ನು ನುಡಿಯಬೇಕಾದರೆ ಎರಡೂ ತುಟಿ ಕೂಡಲೇಬೇಕು. ಹಾಡಿನಲ್ಲಿ ‘ಅಪ್ಪ’, ‘ತಮ್ಮ’, ‘ಬಾ’ ಎಂಬ ಶಬ್ದ ಬರುವ ಕಡೆ ತುಟಿಯನ್ನೇ ನೋಡಿರಿ. ತುಟಿ ಕೂಡಿದ್ದಾಗ ಆ ಅಕ್ಷರ ಕೇಳಿತೋ ಇಲ್ಲವೋ? ‘ಕ’, ‘ಗ’ಗಳಿಂದ ಈ ಪರೀಕ್ಷೆ ಆಗದು, ಅವು ಗಂಟಲ ಬಳಿ ಹುಟ್ಟುತ್ತವೆ, ಹೊರಗೆ ಕಾಣುವುದಿಲ್ಲ. ಹಲಗೆಯ ಪೆಟ್ಟು, ತಾಳದ ಪೆಟ್ಟು ಇದ್ದರೆ ಇನ್ನೂ ಸುಲಭ. ಆರಂಭ, ನಡುವೆ, ಕೊನೆ ಮೂರೂ ಕಡೆ ಹೀಗೆ ನೋಡಬೇಕು.

ಮೂರೂ ಕಡೆ ಅಂತರ ಒಂದೇ ಇದ್ದರೆ ಎತ್ತು ತಡವಾಗಿ ಹೊರಟಿದೆಯಷ್ಟೆ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆಯಿರಿ. ವಿಂಡೋಸ್ ಕಂಪ್ಯೂಟರಿನಲ್ಲಿ ಇಂಗ್ಲಿಷ್ ‘ಕೆ’ ಗುಂಡಿ ಒತ್ತಿದಷ್ಟು ಸಲ ದನಿ 50 ಮಿಲಿಸೆಕೆಂಡು ತಡವಾಗುತ್ತದೆ; ‘ಜೆ’ ಒತ್ತಿದರೆ ಅಷ್ಟೇ ಮುಂಚೆ ಬರುತ್ತದೆ. ಆದರೆ ಇದರಿಂದ ಫೈಲು ಸರಿಹೋಗುವುದಿಲ್ಲ, ನೋಡುವಾಗ ಮಾತ್ರ ಸರಿ ಕಾಣುತ್ತದೆ. ತೆರೆಯ ಮೇಲೆ ಮೂಡುವ ಅಂಕಿಯನ್ನು ಬರೆದುಕೊಂಡು, ವಿಡಿಯೋ ಕತ್ತರಿಸಿ ಜೋಡಿಸುವ ತಂತ್ರಾಂಶದಲ್ಲಿ ದನಿಯ ಪಟ್ಟಿಯನ್ನು ಅಷ್ಟೇ ಸರಿಸಿ ಹೊಸ ಫೈಲು ತೆಗೆಯಬೇಕು.

ಅಂತರ ಬೆಳೆಯುತ್ತ ಹೋದರೆ ಅದು ನಡಿಗೆಯ ದೋಷ. 29.97ರ ಚಿತ್ರವನ್ನು ತಂತ್ರಾಂಶವು 30 ಎಂದು ಓದಿತೆನ್ನಿ. 5ನೆಯ ನಿಮಿಷಕ್ಕೆ 0.3 ಸೆಕೆಂಡು, 10ನೆಯದಕ್ಕೆ 0.6, ತ್ರೈರಾಶಿಕ ಮಾಡಿದರೆ ಒಂದು ತಾಸಿಗೆ 3.6 ಸೆಕೆಂಡು. ಸಾವಿರಕ್ಕೊಂದರ ವ್ಯತ್ಯಾಸ ಇಷ್ಟು ಕೆಲಸ ಕೆಡಿಸುತ್ತದೆ! ಇಂಥಲ್ಲಿ ದನಿಯನ್ನು ಹಿಂದೆ ಮುಂದೆ ಸರಿಸಿ ಫಲವಿಲ್ಲ, ದನಿಯನ್ನು ಎಳೆಯುವುದೂ ಬೇಡ. ಚಿತ್ರದ ನಿಜವಾದ ವೇಗವನ್ನು ತಿಳಿಸಿ ಮೂಲದಿಂದ ಪುನಃ ಮಾರ್ಪಡಿಸಬೇಕು.

ಮೊಬೈಲಿನ ವಿಡಿಯೋಗಳಲ್ಲಿ ಕಾಣುವ ತೊಂದರೆ ಹೆಚ್ಚಾಗಿ ಬೇರೆಯೇ. ಅನೇಕ ಮೊಬೈಲುಗಳು ಬೆಳಕು ಕಡಿಮೆಯಾದೊಡನೆ ಸೆಕೆಂಡಿಗೆ ತೆಗೆಯುವ ಚಿತ್ರಗಳನ್ನು ಕಡಿಮೆ ಮಾಡುತ್ತವೆ. ಬೆಳಕು ಬಂದರೆ ಹೆಚ್ಚಿಸುತ್ತವೆ. ಸಂಜೆಯ ಗುಡಿಯಲ್ಲಿ ಹಿಡಿದ ಭಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರಗಳ ಸಂಖ್ಯೆ ಹೀಗೆ ಏರಿಳಿಯುವುದನ್ನು ಅರಿಯದ ತಂತ್ರಾಂಶವು ಎಲ್ಲವನ್ನೂ ಸಮವೆಂದು ಭಾವಿಸಿದಾಗ ದನಿ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಎಂಬುದನ್ನು ಆರಿಸಿ ಮೊದಲು ಚಿತ್ರಗಳನ್ನು ಸಮ ಮಾಡಿಕೊಂಡು, ಉಳಿದ ಕೆಲಸ ಆಮೇಲೆ ಮಾಡಬೇಕು. ಹಳೆಯ ಕ್ಯಾಸೆಟ್ಟಿನದು ಮತ್ತೊಂದು ಬಗೆ: ಟೇಪು ಸವೆದ ಜಾಗದಲ್ಲಿ ಕೆಲವು ಚಿತ್ರಗಳು ಬಿಟ್ಟುಹೋಗಿ, ಅಲ್ಲಿಂದ ಮುಂದೆ ದನಿ ತಪ್ಪುತ್ತದೆ. ಅದೇ ಜಾಗದಲ್ಲಿ ಕತ್ತರಿಸಿ ಮುಂದಿನ ಭಾಗವನ್ನು ಪ್ರತ್ಯೇಕವಾಗಿ ಸರಿಸಬೇಕು. ಬೇಸರದ ಕೆಲಸ, ಆದರೆ ಆಗುವ ಕೆಲಸ.

ಚಲನಚಿತ್ರದವರಿಗೆ ಇದು ಹಳೆಯ ಗೋಳು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಅದು ತಯಾರಾದದ್ದು ಬೆಂಗಳೂರಿನಲ್ಲಿ ಅಲ್ಲ, ನಮ್ಮ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಚಿತ್ರವನ್ನೂ ದನಿಯನ್ನೂ ಬೇರೆ ಬೇರೆ ಯಂತ್ರದಲ್ಲಿ ಹಿಡಿಯುವಾಗ ಚಿತ್ರರಂಗದವರು ಕ್ಯಾಮರಾದ ಮುಂದೆ ಎರಡು ಹಲಗೆಗಳನ್ನು ಟಪ್ಪನೆ ಬಡಿಯುತ್ತಾರೆ. ಹಲಗೆ ಕೂಡಿದ ಚಿತ್ರಕ್ಕೆ ಆ ‘ಟಪ್’ ಜೋಡಿಸಿದರೆ ಎರಡೂ ಕೂಡಿದವು. ನೀವು ಆಯಿಯ ಹಾಡನ್ನು ಹಿಡಿಯುವಾಗ ಹಲಗೆ ಬೇಕಿಲ್ಲ. ಆರಂಭಕ್ಕೊಂದು, ಮುಗಿದ ಮೇಲೊಂದು ಚಪ್ಪಾಳೆ ಸಾಕು. ಆಯಿಯನ್ನು ಕಿಟಕಿಯ ಬೆಳಕಿಗೆ ಕೂಡ್ರಿಸಿರಿ, ತುಟಿ ಕಾಣುವಂತೆ ಹಿಡಿಯಿರಿ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮಾರ್ಪಡಿಸಿದ ಫೈಲನ್ನು ಕೊನೆಯವರೆಗೆ ನೋಡದೆ ಮೂಲವನ್ನು ಅಳಿಸಬೇಡಿರಿ. ಕೆಟ್ಟ ಪ್ರತಿಯನ್ನು ಮೂಲದಿಂದ ಎಷ್ಟು ಸಲವಾದರೂ ತಿದ್ದಬಹುದು. ಎಂಬತ್ತು ದಾಟಿದ ಆಯಿಯಿಂದ ಅದೇ ಪದವನ್ನು ಅಷ್ಟೇ ಉಸಿರಿನಲ್ಲಿ ಮತ್ತೊಮ್ಮೆ ಹಾಡಿಸಲಾಗುವುದಿಲ್ಲ. ಮೂಲದ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟು, ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಫೈಲಿನ ಹೆಸರಿನಲ್ಲಿಯೇ ಕನ್ನಡದಲ್ಲಿ ಬರೆಯಿರಿ.